ಎರಡನೇ ಸೀಟಿನ ದುಡ್ಡು ಯಾರು ಕೊಡಬೇಕು?

ಭಾವ, ಬೆಳಿಗ್ಗೆ ನೀವು ಗ್ರೂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. ದಪ್ಪ ಇರುವವರು ವಿಮಾನದಲ್ಲಿ ಎರಡು ಸೀಟಿನ ದುಡ್ಡು ಕೊಡಲಿ, ಲಗೇಜು ಜಾಸ್ತಿಯಾದರೆ ಕಟ್ಟುವುದಿಲ್ಲವಾ, ಇದೂ ಹಾಗೇ ಅಂತ ಬರೆದಿದ್ದೀರಿ. ಅಕ್ಕ "ಇದು ಅನ್ಯಾಯ" ಅಂತ ಒಂದೇ ಮಾತು ಹೇಳಿ ಸುಮ್ಮನಾದರು. ನನಗೆ ಒಂದು ಮಾತಿನಲ್ಲಿ ಮುಗಿಸಲು ಆಗುವುದಿಲ್ಲ. ಉದ್ದ ಆಗುತ್ತದೆ, ಪೂರ್ತಿ ಕೇಳಿ.

ನಿಮ್ಮ ಮಾತಿನಲ್ಲಿ ಒಂದು ನಿಜ ಇದೆ. ಪಕ್ಕದಲ್ಲಿ ಕೂತವರಿಗೆ ಕಷ್ಟ ಆಗುತ್ತದೆ. ಆರೇಳು ಗಂಟೆ ಒಂದೇ ಕಡೆ ವಾಲಿಕೊಂಡು ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ. ಅವರೂ ಪೂರ್ತಿ ಸೀಟಿಗೆ ದುಡ್ಡು ಕೊಟ್ಟವರೇ. ಅವರನ್ನು ಅಡ್ಜಸ್ಟ್ ಮಾಡಿಕೊಳ್ಳಿ ಅನ್ನುವುದು ಪರಿಹಾರ ಅಲ್ಲ. ಹಾಗಾಗಿ ಎರಡನೇ ಸೀಟು ಬೇಕೇ ಬೇಕು. ಆ ಸೀಟಿನ ದುಡ್ಡು ಯಾರು ಕೊಡಬೇಕು ಅನ್ನುವಲ್ಲಿ ಮಾತ್ರ ನಮ್ಮಿಬ್ಬರದು ಬೇರೆ ಬೇರೆ ದಾರಿ.

ಲಗೇಜಿನ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ ಭಾವ. ಲಗೇಜನ್ನು ಮನೆಯಲ್ಲಿ ಬಿಟ್ಟು ಹೋಗಬಹುದು, ಮೈಯನ್ನು ಬಿಟ್ಟು ಹೋಗಲು ಆಗುತ್ತದಾ? ತೂಕದ ಲೆಕ್ಕವೇ ಹಿಡಿದರೂ ನೋಡಿ. ಏರ್‌ಬಸ್ ಎ320 ವಿಮಾನ ತುಂಬಿಕೊಂಡು ಮೇಲೇರುವಾಗ ಸುಮಾರು 78 ಟನ್‌ವರೆಗೂ ತೂಗುತ್ತದೆ. ಒಬ್ಬರು ಇನ್ನೊಬ್ಬರಿಗಿಂತ 30 ಕೆಜಿ ಜಾಸ್ತಿ ಇದ್ದರೆ ಅಷ್ಟರಲ್ಲಿ ಅದು ಎಲ್ಲಿಗೆ ಬಂತು? ಪುಟ್ಟ ವಿಮಾನಗಳ ವಿಷಯ ಬೇರೆ. ಸಮೋವಾ ಏರ್ ಅನ್ನುವ ಸಣ್ಣ ಸಂಸ್ಥೆ 2013ರಲ್ಲಿ ಜನರನ್ನು ತೂಕ ಹಾಕಿ ಕೆಜಿ ಲೆಕ್ಕದಲ್ಲಿ ಟಿಕೆಟ್ ಕೊಟ್ಟಿತ್ತು. ಅವರದು ಬೆರಳೆಣಿಕೆಯ ಜನ ಕೂರುವ ವಿಮಾನ, ಅಲ್ಲಿ ಒಬ್ಬೊಬ್ಬರ ತೂಕವೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ವಿಮಾನದಲ್ಲಿ ತೊಂದರೆ ಇರುವುದು ಅಗಲದ್ದು, ತೂಕದ್ದಲ್ಲ.

ಅಗಲದ ಮಾತು ಬಂದರೆ ಏರ್‌ಲೈನ್‌ಗಳನ್ನು ಕೇಳಲೇಬೇಕು. ಎಕಾನಮಿ ಸೀಟು ಇವತ್ತು 17-18 ಇಂಚು ಅಗಲ. ಬೋಯಿಂಗ್ 777ರಲ್ಲಿ ಮುಂಚೆ ಅಡ್ಡಸಾಲಿಗೆ ಒಂಬತ್ತು ಸೀಟು ಇರುತ್ತಿದ್ದವು. ಆಮೇಲೆ ಎಷ್ಟೋ ಕಂಪನಿಗಳು ಅದೇ ವಿಮಾನದಲ್ಲಿ ಹತ್ತು ತುರುಕಿದವು. ವಿಮಾನ ಅಗಲ ಆಗಲಿಲ್ಲ, ಒಬ್ಬೊಬ್ಬರ ಪಾಲಿನಿಂದ ಒಂದಿಷ್ಟು ಹೋಯಿತು. ಕಾಲಿಡುವ ಜಾಗದ್ದೂ ಇದೇ ಕಥೆ, ಕೆಲವು ಕಡೆ ಸಾಲಿನಿಂದ ಸಾಲಿಗೆ 28 ಇಂಚಿಗೆ ಬಂದು ನಿಂತಿದೆ. ಅದೇ ಹೊತ್ತಿಗೆ ಜನರ ಮೈ ಯಾವ ಕಡೆ ಹೋಗಿದೆ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನ ಎಂಟು ಜನರಲ್ಲಿ ಒಬ್ಬರಿಗೆ ಬೊಜ್ಜು ಇತ್ತು. ಸೀಟು ಕಿರಿದು ಮಾಡಿದವರು ಲಾಭ ತೆಗೆದುಕೊಂಡರು. ಈಗ ಆ ಸೀಟಿನಲ್ಲಿ ಹಿಡಿಸದವರಿಂದ ಇನ್ನೊಂದು ಸಲ ದುಡ್ಡು ಕೇಳುವುದು ಯಾವ ನ್ಯಾಯ?

ಅಮೆರಿಕದಲ್ಲಿ ಸೀಟಿನ ಅಳತೆಯ ವಿಷಯ ಕೋರ್ಟಿಗೂ ಹೋಗಿತ್ತು. 2018ರಲ್ಲಿ ಅಲ್ಲಿನ ಸಂಸತ್ತು ಸೀಟಿಗೆ ಕನಿಷ್ಠ ಅಳತೆ ನಿಗದಿ ಮಾಡಿ ಅಂತ ವಿಮಾನಯಾನ ಇಲಾಖೆಗೆ ಹೇಳಿತು. ಕೊಟ್ಟ ಗಡುವು ಒಂದು ವರ್ಷ. ಇಲಾಖೆ ಜನರ ಅಭಿಪ್ರಾಯ ಕೇಳಲು ಶುರು ಮಾಡಿದ್ದೇ 2022ರಲ್ಲಿ!

ಇನ್ನೊಂದು ಯೋಚನೆ ಮಾಡಿ. ಅಗಲ ಭುಜದ, ಜಿಮ್‌ನಲ್ಲಿ ಮೈ ಬೆಳೆಸಿದ ಹುಡುಗನ ತೋಳೂ ಪಕ್ಕದ ಸೀಟಿಗೆ ಬರುತ್ತದೆ. ಆರಡಿ ಮೀರಿದವರ ಮಂಡಿ ಮುಂದಿನವರ ಬೆನ್ನಿಗೆ ತಾಗುತ್ತದೆ. ಅವರ ಹತ್ತಿರ ಯಾರೂ ದುಡ್ಡು ಕೇಳುವುದಿಲ್ಲ. ದಪ್ಪ ಇರುವವರ ಹತ್ತಿರ ಮಾತ್ರ ಕೇಳುತ್ತೇವೆ, ಯಾಕಂದರೆ ಅದು ಅವರದೇ ತಪ್ಪು ಅಂತ ನಾವು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತೇವೆ. ಥೈರಾಯ್ಡ್, ಸ್ಟೀರಾಯ್ಡ್ ಔಷಧ, ವಂಶದಿಂದ ಬಂದ ಮೈಕಟ್ಟು, ಇದೆಲ್ಲ ಬೋರ್ಡಿಂಗ್ ಗೇಟಿನಲ್ಲಿ ನಿಂತವರಿಗೆ ಕಾಣುತ್ತದಾ?

ಒಮ್ಮೆ ನನ್ನ ಪಕ್ಕದ ಸಾಲಿನಲ್ಲಿ ಒಬ್ಬ ಹೆಂಗಸು ಬೆಲ್ಟಿಗೆ ಎಕ್ಸ್‌ಟೆಂಡರ್ (ಬೆಲ್ಟು ಸಾಲದವರಿಗೆ ಜೋಡಿಸುವ ಪಟ್ಟಿ) ಬೇಕು ಅಂತ ಗಗನಸಖಿಯ ಕಿವಿಯ ಹತ್ತಿರ ಹೇಳಿದರು. ಆ ಹುಡುಗಿ ಅಲ್ಲಿಂದಲೇ ಹಿಂದಿದ್ದ ಸಿಬ್ಬಂದಿಗೆ ಅದನ್ನೇ ಜೋರಾಗಿ ಕೂಗಿ ಹೇಳಿದಳು. ಆಮೇಲೆ ಇಳಿಯುವವರೆಗೂ ಆ ಹೆಂಗಸು ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಇಟ್ಟುಕೊಂಡು ಕೂತಿದ್ದರು, ನೀರು ಕೂಡ ಕೇಳಲಿಲ್ಲ. ನನಗೆ ತುಂಬಾ ಸಿಟ್ಟು ಬಂದಿತ್ತು.

ಹಾಗಾದರೆ ದುಡ್ಡು ಎಲ್ಲಿಂದ ಬರಬೇಕು ಅಂತ ಕೇಳುತ್ತೀರಿ. ಕೆನಡಾ ಮಾಡಿದ್ದನ್ನು ನೋಡಿ. 2008ರ ಜನವರಿಯಲ್ಲಿ ಅಲ್ಲಿನ ಸಾರಿಗೆ ಏಜೆನ್ಸಿ "ಒಬ್ಬರಿಗೆ ಒಂದೇ ಟಿಕೆಟ್" ಅನ್ನುವ ಆದೇಶ ಕೊಟ್ಟಿತು. ಬೊಜ್ಜಿನಿಂದ ಅಂಗವೈಕಲ್ಯ ಇರುವವರಿಗೆ, ಜೊತೆಗೆ ಸಹಾಯಕರು ಬೇಕಾದ ಅಂಗವಿಕಲರಿಗೆ, ದೇಶದೊಳಗಿನ ಪ್ರಯಾಣದಲ್ಲಿ ಎರಡನೇ ಸೀಟಿಗೆ ಬೇರೆ ದುಡ್ಡು ಕೇಳುವಂತಿಲ್ಲ. ಏರ್ ಕೆನಡಾ ಮತ್ತು ವೆಸ್ಟ್‌ಜೆಟ್ ಏರ್‌ಲೈನ್‌ಗಳು ವಿರೋಧಿಸಿದವು. ಅದೇ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೇಳುವುದಿಲ್ಲ ಅಂದಿತು. ಈ ನಿಯಮದ ಖರ್ಚನ್ನು ಎಲ್ಲ ಟಿಕೆಟ್‌ಗಳಿಗೂ ಹಂಚಿದರೆ ಏರ್ ಕೆನಡಾಗೆ ಟಿಕೆಟ್‌ಗೆ ಸುಮಾರು 77 ಸೆಂಟ್, ವೆಸ್ಟ್‌ಜೆಟ್‌ಗೆ 44 ಸೆಂಟ್ ಆಗುತ್ತದೆ ಅಂತ ಏಜೆನ್ಸಿ ಅಂದಾಜು ಮಾಡಿತ್ತು. ಒಂದು ಡಾಲರ್ ಕೂಡ ಅಲ್ಲ ಭಾವ! ಎಲ್ಲರೂ ಏನೋ ಒಂದು ಚೂರು ಹೊತ್ತರೆ ಒಬ್ಬರ ಮೇಲೆ ಬೆಟ್ಟ ಬೀಳುವುದಿಲ್ಲ.

ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಕೂಡ ಬಹಳ ವರ್ಷ ಒಳ್ಳೆಯ ಪದ್ಧತಿ ಇಟ್ಟುಕೊಂಡಿತ್ತು. ಎರಡನೇ ಸೀಟಿನ ದುಡ್ಡನ್ನು ಪ್ರಯಾಣ ಆದ ಮೇಲೆ ವಾಪಸ್ ಕೊಡುತ್ತಿತ್ತು. 2026ರ ಜನವರಿಯಿಂದ ಅದನ್ನು ಬಿಗಿ ಮಾಡಿತು: ವಿಮಾನದಲ್ಲಿ ಒಂದಾದರೂ ಸೀಟು ಖಾಲಿ ಉಳಿದರೆ ಮಾತ್ರ ವಾಪಸ್. ಸೀಟು ಖಾಲಿ ಉಳಿಯುತ್ತದೋ ಇಲ್ಲವೋ ಅಂತ ಟಿಕೆಟ್ ಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು? ಅಮ್ಮನ ಚಿಕಿತ್ಸೆಗೆ ಹೊರಟವರು ಅದೃಷ್ಟ ನಂಬಿಕೊಂಡು ಹೋಗಬೇಕಾ?

ನನಗೆ ಸರಿ ಅನಿಸುವುದು ಹೀಗೆ. ಎರಡೂ ಆರ್ಮ್‌ರೆಸ್ಟ್ ಇಳಿಸಿ ಕೂರಲು ಆಗದವರು ಬುಕ್ ಮಾಡುವಾಗಲೇ ಹೇಳಬೇಕು, ಅಲ್ಲೇ ಪಕ್ಕದ ಸೀಟು ಬೇರೆ ದುಡ್ಡಿಲ್ಲದೆ ಅವರ ಹೆಸರಿಗೆ ಬರಬೇಕು. ಇಷ್ಟು ಜವಾಬ್ದಾರಿ ಅವರದು, ಇದರಲ್ಲಿ ವಿನಾಯಿತಿ ಬೇಡ. ಸುಳ್ಳು ಹೇಳಿ ಜಾಗ ಹಿಡಿಯುವವರು ಇರುತ್ತಾರೆ ಅನ್ನುತ್ತೀರಾ, ಡಾಕ್ಟರ್ ಚೀಟಿ ಕೇಳಲಿ, ಆದರೆ ಒಂದೇ ಸಲ, ಪ್ರತಿ ಪ್ರಯಾಣಕ್ಕೂ ಅಲ್ಲ. ಗೇಟಿನ ಮುಂದೆ ಕ್ಯೂನಲ್ಲಿ ನಿಂತವರ ಸೊಂಟ ನೋಡಿ ಪಕ್ಕಕ್ಕೆ ಕರೆಯುವುದು ನಿಲ್ಲಬೇಕು. ಹೀಗಾದರೆ ಪಕ್ಕದವರಿಗೂ ಪೂರ್ತಿ ಸೀಟು ಸಿಗುತ್ತದೆ, ನಿಮ್ಮ ದೂರೂ ತೀರುತ್ತದೆ.

ಆ ಮುಕ್ಕಾಲು ಡಾಲರ್ ನನ್ನ ಟಿಕೆಟ್‌ಗೆ ಸೇರಿಸಿದರೆ ನಾನು ಕೊಡುತ್ತೇನೆ ಭಾವ. ನೀವು ಕೊಡುತ್ತೀರೋ ಇಲ್ಲವೋ ಹೇಳಿ. ಅಕ್ಕನೂ ಕೇಳಿಸಿಕೊಳ್ಳಲಿ, ಇಲ್ಲೇ ಗ್ರೂಪಿನಲ್ಲೇ ಹೇಳಿ.