ಬೂದಿ ಒಂದೇ, ಮಣ್ಣಿನ ಬಣ್ಣ ಮಾತ್ರ ಯಾಕೆ ಹಲವು?

ಪ್ರಶ್ನೆ – ಕುತೂಹಲಿ
ಅಮೆರಿಕದ ಒರೆಗಾನ್‌ನಲ್ಲಿರುವ ಪೇಂಟೆಡ್ ಹಿಲ್ಸ್ ಫೋಟೋ ನೋಡುತ್ತಿದ್ದೆ. ಗುಡ್ಡದ ಮೈತುಂಬ ಕೆಂಪು, ಹಳದಿ ಪಟ್ಟೆ. ನಡುನಡುವೆ ಕಪ್ಪು ಚುಕ್ಕೆ. ಎಲ್ಲವೂ ಜ್ವಾಲಾಮುಖಿ ಬೂದಿಯಿಂದಲೇ ಆದ ಮಣ್ಣಂತೆ. ಹಾಗಾದರೆ ಒಂದೊಂದು ಸಲ ಒಂದೊಂದು ಬಣ್ಣದ ಬೂದಿ ಬಿದ್ದಿತ್ತಾ?

ಉತ್ತರ – ಮಣ್ಣುಪ್ರೇಮಿ
ಇಲ್ಲ, ಬಣ್ಣ ಬಂದದ್ದು ಬೂದಿ ಬಿದ್ದ ಮೇಲೆ. ಇದು ಕಟ್ಟಿಗೆ ಸುಟ್ಟ ಬೂದಿಯಲ್ಲ, ಬಹುಪಾಲು ಗಾಜಿನ ಪುಡಿ. ಕರಗಿದ ಕಲ್ಲು ಥಟ್ಟನೆ ತಣಿದು, ಹರಳುಗಟ್ಟಲು ಪುರುಸೊತ್ತೇ ಸಿಗದೆ ಗಾಜಾಗಿರುತ್ತದೆ. ಇಂಥ ಪುಡಿಯನ್ನು ಮಳೆನೀರು ಬೇಗ ತಿನ್ನುತ್ತದೆ. ಸೋಡಿಯಂ, ಕ್ಯಾಲ್ಸಿಯಂ, ಒಂದಿಷ್ಟು ಸಿಲಿಕಾ ನೀರಿನ ಜೊತೆ ಹೋಗುತ್ತವೆ. ಕಬ್ಬಿಣ, ಅಲ್ಯೂಮಿನಿಯಂ ಅಲ್ಲೇ ಉಳಿಯುತ್ತವೆ.

ಆ ಕಬ್ಬಿಣದ ಗತಿ ಏನಾಯಿತು ಅನ್ನೋದರ ಮೇಲೆ ಬಣ್ಣ ನಿಂತಿದೆ. ಬೆಚ್ಚಗಿನ ಹವೆ, ನೀರು ಚೆನ್ನಾಗಿ ಬಸಿದುಹೋಗುವ ಜಾಗವಾದರೆ ಅದು ಹೆಮಟೈಟ್ ಅನ್ನೋ ಖನಿಜವಾಗುತ್ತದೆ, ಮಣ್ಣು ಕೆಂಪು. ತಂಪು, ತೇವ ಜಾಸ್ತಿ ಇದ್ದರೆ ಗೋಥೈಟ್ ಅನ್ನೋ ಇನ್ನೊಂದು ಕಬ್ಬಿಣದ ಖನಿಜ, ಮಣ್ಣು ಹಳದಿ. ನೀರು ನಿಂತಲ್ಲಿ ಕಬ್ಬಿಣಕ್ಕೆ ಆಮ್ಲಜನಕ ಸಿಗದೆ ಬೂದು, ಹಸಿರು ಛಾಯೆ ಬರುತ್ತದೆ. ನೀವು ನೋಡಿದ ಕಪ್ಪು ಚುಕ್ಕೆ ಮ್ಯಾಂಗನೀಸಿನದು.

ತುಂಬ ಜನ ಕೆಂಪು ಅಂದರೆ ಕಬ್ಬಿಣ ಜಾಸ್ತಿ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಹೆಮಟೈಟ್ ಸ್ವಲ್ಪವೇ ಇದ್ದರೂ ಗೋಥೈಟಿನ ಹಳದಿಯನ್ನು ಮುಚ್ಚಿಬಿಡುತ್ತದೆ. ಪೇಂಟೆಡ್ ಹಿಲ್ಸ್ ಮಣ್ಣು ಸುಮಾರು 3 ಕೋಟಿ ವರ್ಷಕ್ಕೂ ಹಳೆಯದು. ಭೂಮಿಯ ಹವೆ ತಂಪಾಗುತ್ತಾ ಬಂದ ಕಾಲ ಅದು. ಹಾಗಾಗಿ ಈ ಪಟ್ಟೆಗಳಲ್ಲಿ ಆಗಿನ ಹವಾಮಾನವನ್ನೇ ಓದಬಹುದು. ನನಗಂತೂ ಇದಕ್ಕಿಂತ ಸೊಗಸಾದ ದಾಖಲೆ ಇಲ್ಲ.

ಉತ್ತರ – ಬೇರುಬಿಳಲು
ಕಪ್ಪು ಬಣ್ಣಕ್ಕೆ ಇನ್ನೊಂದು ದಾರಿಯೂ ಇದೆ. ಜಪಾನಿನ ಕಾಂಟೋ ಬಯಲಲ್ಲಿ ಮೇಲೆ ಕಡುಗಪ್ಪು ಕುರೊಬೊಕು ಮಣ್ಣು, ಅದರಡಿ ಕೆಂಗಂದು ಮಣ್ಣು. ಎರಡೂ ಜ್ವಾಲಾಮುಖಿ ಬೂದಿಯವೇ. ಮೇಲಿನ ಕಪ್ಪು ಹ್ಯೂಮಸ್‌ನದು. ಹುಲ್ಲಿನ ಬೇರು ಕೊಳೆತು ಬಂದ ಹ್ಯೂಮಸ್ಸನ್ನು ಅಲ್ಯೂಮಿನಿಯಂ, ಅಲೋಫೇನ್ (ಬೂದಿಯ ಗಾಜು ಸವೆದು ಆಗುವ ಜೇಡಿಯಂಥ ಖನಿಜ) ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ, ಸುಲಭಕ್ಕೆ ಕರಗಲು ಬಿಡುವುದಿಲ್ಲ. ಅಲೋಫೇನ್ ಇರುವ ಒದ್ದೆ ಮಣ್ಣನ್ನು ಬೆರಳಲ್ಲಿ ಹಿಚುಕಿದರೆ ಮೊದಲು ಗಟ್ಟಿ ಅನಿಸುತ್ತದೆ. ಇನ್ನಷ್ಟು ಒತ್ತಿದರೆ ಸರ್ರನೆ ಜಾರಿ ನೀರು ಬಿಡುತ್ತದೆ. ಇದೇ ಮಣ್ಣು ರಂಜಕವನ್ನೂ ಬಿಗಿಯಾಗಿ ಹಿಡಿದುಬಿಡುತ್ತದೆ, ಕೃಷಿಕರಿಗೆ ಅದೇ ತಲೆನೋವು.

ಕುತೂಹಲಿ
ಇಬ್ಬರಿಗೂ ಥ್ಯಾಂಕ್ಸ್. ಆದರೆ ಆ ಪಟ್ಟೆ ಹಳೆಯ ಮಣ್ಣೇ, ಸುಮ್ನೆ ಹರಿದು ಬಂದು ಕೂತ ಕೆಸರಲ್ಲ ಅಂತ ಹೇಗೆ ಹೇಳ್ತಾರೆ?

ಮಣ್ಣುಪ್ರೇಮಿ
ಮೊದಲು ಬೇರಿನ ಗುರುತು ಹುಡುಕುತ್ತಾರೆ. ಮೇಲೆ ದಪ್ಪ, ಕೆಳಗೆ ಹೋದಂತೆ ಸಣ್ಣಗಾಗಿ ಕವಲೊಡೆದ ಗೆರೆಗಳು. ಆಮೇಲೆ ಅಂಚು ನೋಡುತ್ತಾರೆ. ಹೊಸ ಬೂದಿ ಬಿದ್ದು ಮುಚ್ಚಿದ್ದರಿಂದ ಮಣ್ಣಿನ ಮೇಲಂಚು ಸ್ಪಷ್ಟವಾಗಿರುತ್ತದೆ. ಕೆಳಗೆ ಮಾತ್ರ ಬಣ್ಣ ನಿಧಾನವಾಗಿ ತೆಳುವಾಗುತ್ತದೆ, ಯಾಕಂದರೆ ಮಳೆನೀರು ಮೇಲಿನಿಂದ ಇಳಿಯುತ್ತಾ ಮಣ್ಣು ಮಾಡಿದ್ದು. ಕೆಸರು ಕೂತ ಪದರದಲ್ಲಿ ಇವೆರಡೂ ಒಟ್ಟಿಗೆ ಸಿಗೋದು ಕಷ್ಟ.