ಸಾಕೆಟ್‌ನ ಎರಡೂ ತೂತಿನಲ್ಲಿ ಟೆಸ್ಟರ್ ಹೊತ್ತುತ್ತದೆ, ಆದರೆ ಮಿಕ್ಸಿ ತಿರುಗುವುದಿಲ್ಲ

ಮಲೆನಾಡಿನ ಮನೆಮಗಳು:
ನಮಸ್ಕಾರ. ನಮ್ಮದು ಹೆಂಚಿನ ಮನೆ, ವೈರಿಂಗ್ ಮಾಡಿಸಿ 25 ವರ್ಷ ಆಗಿದೆ. ಅಡಿಗೆಮನೆಯ ಒಂದೇ ಬೋರ್ಡ್‌ನಲ್ಲಿ ಮಿಕ್ಸಿ ಸಾಕೆಟ್, ಫ್ರಿಜ್ ಸಾಕೆಟ್, ಟ್ಯೂಬ್‌ಲೈಟ್ ಸ್ವಿಚ್ ಇವೆ. ಮೊನ್ನೆಯಿಂದ ಟ್ಯೂಬ್‌ಲೈಟ್ ಮಿಣುಕುತ್ತಿತ್ತು. ಇವತ್ತು ಬೆಳಿಗ್ಗೆ ಚಟ್ನಿ ರುಬ್ಬಲು ಹೋದರೆ ಮಿಕ್ಸಿಯದ್ದು ಸದ್ದೇ ಇಲ್ಲ. ಫ್ರಿಜ್ಜೂ ನಿಂತಿದೆ. ಟೆಸ್ಟರ್ ಇಟ್ಟರೆ ಬಲಗಡೆ ತೂತಿನಲ್ಲೂ ಹೊತ್ತುತ್ತದೆ, ಎಡಗಡೆಯಲ್ಲೂ ಹೊತ್ತುತ್ತದೆ. ಎರಡೂ ಕಡೆ ಕರೆಂಟ್ ಇದ್ದರೂ ಯಾಕೆ ಓಡುತ್ತಿಲ್ಲ? ಇನ್ನೊಂದು ವಿಷಯಕ್ಕೆ ಭಯವಾಗಿದೆ. ಫ್ರಿಜ್ ಬಾಗಿಲು ಮುಟ್ಟಿದಾಗ ಅಮ್ಮನ ಕೈ ಜುಂ ಅಂತು. ಎಂಸಿಬಿ (ಮೀಟರ್ ಹತ್ತಿರ ತಾನೇ ಆಫ್ ಆಗುವ ಸ್ವಿಚ್) ಬಿದ್ದಿಲ್ಲ.

ಹಳೇ ವೈರ್‌ಮನ್:
ತಂಗಿ, ಮೊದಲು ಮೈನ್ ಆಫ್ ಮಾಡಿ, ಫ್ರಿಜ್ ಪ್ಲಗ್ ಕಿತ್ತಿಡಿ. ಆಮೇಲೆ ಮುಂದೆ ಓದಿ.

ನಿಮ್ಮಲ್ಲಿ ನ್ಯೂಟ್ರಲ್ ಕಟ್ ಆಗಿದೆ. ಕರೆಂಟ್ ಫೇಸ್‌ನಲ್ಲಿ ಬಂದು ನ್ಯೂಟ್ರಲ್‌ನಲ್ಲಿ ವಾಪಸ್ ಹೋಗಬೇಕು, ಅಲ್ವಾ? ಹೋಗುವ ದಾರಿ ಮುಚ್ಚಿದರೆ ಫೇಸ್ ಟ್ಯೂಬ್‌ಲೈಟ್ ಅಥವಾ ಫ್ರಿಜ್ ಒಳಗಿಂದ ಹಾದು ಬಂದು ನ್ಯೂಟ್ರಲ್ ವೈರ್‌ನಲ್ಲಿ ಹಾಗೇ ನಿಲ್ಲುತ್ತದೆ. ಎಡಗಡೆ ಟೆಸ್ಟರ್ ಹೊತ್ತಿಸುವುದು ಅದೇ. ಪರೀಕ್ಷೆ ಸುಲಭ. ಆ ಬೋರ್ಡ್‌ನ ಎಲ್ಲ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಮೈನ್ ಹಾಕಿ. ಸಾಕೆಟ್ ಸ್ವಿಚ್ ಒಂದನ್ನೇ ಆನ್ ಮಾಡಿ ಟೆಸ್ಟರ್ ಇಡಿ. ಎಡಗಡೆಯದು ಆರಿಹೋದರೆ ನಾನು ಹೇಳಿದ್ದೇ.

ಶಾಕ್ ವಿಷಯ ಇದಕ್ಕಿಂತ ದೊಡ್ಡದು. ಅರ್ಥಿಂಗ್ ಸರಿ ಇದ್ದರೆ ಫ್ರಿಜ್ ಮೈಯಲ್ಲಿ ಕರೆಂಟ್ ನಿಲ್ಲಬಾರದು. ಯಾರೋ ಸಾಕೆಟ್ ಒಳಗೆ ಅರ್ಥ್ ಪಿನ್ನಿಗೂ ನ್ಯೂಟ್ರಲ್‌ಗೂ ತುಂಡು ವೈರ್ ಹಾಕಿ ಜೋಡಿಸಿರಬಹುದು ಅಂತ ನನ್ನ ಅನುಮಾನ. ನ್ಯೂಟ್ರಲ್ ಸರಿ ಇರುವ ತನಕ ಗೊತ್ತೇ ಆಗುವುದಿಲ್ಲ. ಅದು ಕಟ್ಟಾದ ಕ್ಷಣ 230 ವೋಲ್ಟ್ ನೇರ ಫ್ರಿಜ್ ಬಾಗಿಲಿಗೆ ಬರುತ್ತದೆ. ಬೋರ್ಡ್ ನೀವು ಬಿಚ್ಚಬೇಡಿ, ಲೈಸೆನ್ಸ್ ಇರುವವರನ್ನು ಕರೆಸಿ.

ತೋಟದ ಹುಡುಗ:
ಅಕ್ಕಾ, ಸದ್ಯಕ್ಕೆ ಅರ್ಥ್ ವೈರನ್ನೇ ನ್ಯೂಟ್ರಲ್ ಜಾಗಕ್ಕೆ ಕೊಡಿಸಿ. ನಮ್ಮ ಪಂಪ್‌ಶೆಡ್‌ನಲ್ಲಿ ಎರಡು ವರ್ಷದಿಂದ ಹಾಗೇ ಓಡುತ್ತಿದೆ.

ಹಳೇ ವೈರ್‌ಮನ್:
ತಮ್ಮಾ, ದಯವಿಟ್ಟು ಇದನ್ನು ಯಾರಿಗೂ ಹೇಳಬೇಡ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದರೆ ಕರೆಂಟ್ ಭೂಮಿಗೆ ಇಳಿಯುವುದಿಲ್ಲ. ಆ ಅರ್ಥ್‌ಗೆ ಜೋಡಿಸಿದ ಮೋಟಾರು, ಮೀಟರ್ ಪೆಟ್ಟಿಗೆ ಎಲ್ಲದರ ಮೈಗೂ ಬರುತ್ತದೆ. ಪಂಪ್‌ಶೆಡ್‌ನಲ್ಲಿ ನೀನು ಒದ್ದೆ ನೆಲದ ಮೇಲೆ ನಿಂತಿರುತ್ತೀಯ. ಇವತ್ತೇ ತೆಗೆಸು.

ಮಲೆನಾಡಿನ ಮನೆಮಗಳು:
ಸರ್, ನೀವು ಹೇಳಿದ ಹಾಗೇ ಇತ್ತು. ಎಲ್ಲ ಕಿತ್ತ ಮೇಲೆ ಎಡಗಡೆ ಟೆಸ್ಟರ್ ಹೊತ್ತಲಿಲ್ಲ. ಎಲೆಕ್ಟ್ರಿಷಿಯನ್ ಬೋರ್ಡ್ ಬಿಚ್ಚಿದರೆ ನ್ಯೂಟ್ರಲ್ ವೈರ್ ಸ್ಕ್ರೂ ಹತ್ತಿರ ಕಪ್ಪಗೆ ಸುಟ್ಟು ತುಂಡಾಗಿತ್ತು. ಪಕ್ಕದಲ್ಲೇ ಆ ತುಂಡು ವೈರ್ ಕೂಡ ಇತ್ತು. ಅರ್ಥ್‌ನ ಹಸಿರು ವೈರ್ ಬೋರ್ಡ್ ತನಕ ಬಂದಿತ್ತು, ಆದರೆ ಅದನ್ನು ಮಡಚಿ ಮೂಲೆಗೆ ತುರುಕಿದ್ದರು. ಆರು ತಿಂಗಳಿಂದ ಅದೇ ಬೋರ್ಡ್‌ನ 6 ಆಂಪಿಯರ್ ಸಾಕೆಟ್‌ಗೆ ಅಡಾಪ್ಟರ್ ಹಾಕಿ 2000 ವ್ಯಾಟ್‌ನ ಇಂಡಕ್ಷನ್ ಒಲೆ ಓಡಿಸುತ್ತಿದ್ದೆವು. ಅದಕ್ಕೇ ಸುಟ್ಟಿತಾ?

ಹಳೇ ವೈರ್‌ಮನ್:
ಹೌದು. 2000 ವ್ಯಾಟ್ ಅಂದರೆ ಹೆಚ್ಚುಕಡಿಮೆ 8.7 ಆಂಪಿಯರ್. ಸ್ಕ್ರೂ ಸ್ವಲ್ಪ ಸಡಿಲ ಇದ್ದರೂ ಸಾಕು, ಅಲ್ಲೇ ಕಾದು ಸುಡುತ್ತದೆ. ಒಲೆಗೆ ಬೇರೆ 16 ಆಂಪಿಯರ್ ಸಾಕೆಟ್ ಹಾಕಿಸಿ, ಡಿಬಿಯಿಂದಲೇ (ಎಂಸಿಬಿಗಳಿರುವ ಪೆಟ್ಟಿಗೆ) 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆಸಿ. ಸುಟ್ಟ ವೈರನ್ನು ಹೊಳೆಯುವ ತಾಮ್ರ ಕಾಣುವ ತನಕ ಕತ್ತರಿಸಬೇಕು. ಸುಮ್ನೆ ಟೇಪ್ ಸುತ್ತಿದರೆ ಒಪ್ಪಬೇಡಿ. ಹಸಿರು ವೈರ್ ಅರ್ಥ್ ಪಿನ್ನಿಗೆ ಬರಲಿ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬಾರದೆ ಸ್ವಲ್ಪ ಭೂಮಿಗೆ ಸೋರಿದರೂ ಅದು ಬೀಳುತ್ತದೆ. ಎಂಸಿಬಿ ಬೀಳುವುದು ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ. ಮನುಷ್ಯರ ಮೈಯಲ್ಲಿ ಹರಿಯುವಷ್ಟು ಕರೆಂಟ್ ಅದಕ್ಕೆ ಲೆಕ್ಕಕ್ಕೇ ಸಿಗುವುದಿಲ್ಲ.

ಮಲೆನಾಡಿನ ಮನೆಮಗಳು:
ಎಲ್ಲ ಮಾಡಿಸಿದೆವು ಸರ್. ಆರ್‌ಸಿಸಿಬಿ ಹಾಕಿದ ದಿನ ಗೀಸರ್ ಆನ್ ಮಾಡಿದರೆ ಸಾಕು, ಬೀಳುತ್ತಿತ್ತು. ಗೀಸರ್ ಕೆಟ್ಟಿದೆ ಅಂದುಕೊಂಡೆವು. ಸಾಕೆಟ್ ಬಿಚ್ಚಿದರೆ ಅಲ್ಲೂ ಅದೇ ತುಂಡು ವೈರ್! ಇಷ್ಟು ವರ್ಷ ಅದರ ಕೆಳಗೇ ಸ್ನಾನ ಮಾಡಿದ್ದೇವೆ. ಅದನ್ನು ತೆಗೆದ ಮೇಲೆ ಬಿದ್ದಿಲ್ಲ. ಈಗ ಹಾಲ್, ರೂಮುಗಳ ಸಾಕೆಟ್ ಒಂದೊಂದಾಗಿ ಬಿಚ್ಚಿಸಿ ನೋಡಿಸುತ್ತಿದ್ದೇವೆ.

ತೋಟದ ಹುಡುಗ:
ಪಂಪ್‌ಶೆಡ್ ಮೈನ್ ಆಫ್ ಮಾಡಿ ಬಂದೆ. ನಾಳೆ ಎಲೆಕ್ಟ್ರಿಷಿಯನ್ ಬರುತ್ತಾರೆ.