ಸಹಾಯ ಪುಟದಲ್ಲಿ ಯೆನ್ ಚಿಹ್ನೆ: ಹುಡುಕಾಟ ತಪ್ಪುವುದೇಕೆ?

ಪ್ರಶ್ನೆ: ನಮಸ್ಕಾರ. ನಾನು ಟೋಕಿಯೊದಲ್ಲಿ ಉದ್ಯೋಗದಲ್ಲಿದ್ದೇನೆ. ದರಪಟ್ಟಿಯೊಂದರಲ್ಲಿ ಚುಕ್ಕಿಗಳನ್ನಷ್ಟೇ ಹುಡುಕಬೇಕಿತ್ತು. ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಮಾದರಿ ಕೊಟ್ಟು ಪಠ್ಯವನ್ನು ಹುಡುಕುವ ವಿಧಾನ) ಬರಿಯ ಚುಕ್ಕಿ ಯಾವ ಅಕ್ಷರಕ್ಕಾದರೂ ಹೊಂದುವುದರಿಂದ, "¥." ಎಂದು ಬರೆಯಬೇಕೆಂದು ವರ್ಡ್ ಪ್ರೊಸೆಸರ್‌ನ ಸಹಾಯ ಪುಟ ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ತೋರಿಸುತ್ತದೆ, ಅಲ್ಲಿ ಅದು ಸರಿಯಾಗಿಯೇ ನಡೆಯುತ್ತದೆ. ಮನೆಯ ಮ್ಯಾಕ್‌ನಲ್ಲಿ, ಜಪಾನಿ ಕೀಲಿಮಣೆಯಿಂದ ಅದನ್ನೇ ಟೈಪ್ ಮಾಡಿದರೆ ಚುಕ್ಕಿಯ ಬದಲು "¥500" ಎಂಬುದರೊಳಗಿನ "¥5" ಸಿಗುತ್ತದೆ. ತಪ್ಪು ಎಲ್ಲಿದೆ?

ಉತ್ತರ: ಪುಟದಲ್ಲಿ ಬರೆದಿರುವುದು ಸರಿಯಾಗಿದೆ, ಕಣ್ಣಿಗೆ ಕಾಣುತ್ತಿರುವುದು ಬೇರೆ. ಅಲ್ಲಿರುವುದು ಬ್ಯಾಕ್‌ಸ್ಲ್ಯಾಶ್ (\), ಅಂದರೆ ಕಂಪ್ಯೂಟರ್ ಅಕ್ಷರಗಳಿಗೆ ಕೊಡುವ ಸಂಖ್ಯೆಗಳಲ್ಲಿ 92ನೆಯ ಸಂಕೇತ. ಅದರ ಮುಂದಿನ ಚುಕ್ಕಿಯನ್ನು ಹುಡುಕಾಟ ಬರಿಯ ಚುಕ್ಕಿಯೆಂದೇ ಓದಿಕೊಳ್ಳುತ್ತದೆ. ರಾಷ್ಟ್ರಗಳು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದೆಂದು ಅಂತರರಾಷ್ಟ್ರೀಯ ಮಾನಕ ಬಿಟ್ಟಿದ್ದ ಕೆಲವು ಸ್ಥಾನಗಳಲ್ಲಿ ಇದೂ ಒಂದಾಗಿತ್ತು. ಜಪಾನ್ 1969ರ ತನ್ನ ಮಾನಕದಲ್ಲಿ ಅಲ್ಲಿ ಯೆನ್ ಚಿಹ್ನೆಯನ್ನು ಇರಿಸಿತು. ಆ ರೂಢಿಯನ್ನು ಎಂಎಸ್ ಗಾಥಿಕ್, ಮೇರಿಯೊದಂತಹ ಫಾಂಟ್‌ಗಳು ಇಂದಿಗೂ ಪಾಲಿಸುವುದರಿಂದ ಜಪಾನಿ ವಿಂಡೋಸ್‌ನಲ್ಲಿ ಕಡತಗಳ ವಿಳಾಸದ ನಡುವೆಯೂ ಯೆನ್ ಕಾಣಿಸಿಕೊಳ್ಳುತ್ತದೆ. ಹಳೆಯ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದನ್ನು ಕಂಡವರಿಗೆ ಇದು ಹೊಸ ಸಂಗತಿಯಲ್ಲ.

ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್ ಮಾನಕದಲ್ಲಿ ನಿಜವಾದ ಯೆನ್‌ಗೆ 165 ಎಂಬ ಪ್ರತ್ಯೇಕ ಸಂಕೇತವಿದೆ. ಯೆನ್ ಕೀಲಿಯನ್ನು ಒತ್ತಿದಾಗ ವಿಂಡೋಸ್ ಸಾಮಾನ್ಯವಾಗಿ 92ನ್ನು ಕೊಡುತ್ತದೆ, ಮ್ಯಾಕ್ 165ನ್ನು ಕೊಡುತ್ತದೆ. ಆದ್ದರಿಂದ ನಿಮ್ಮ ಮ್ಯಾಕ್ "ಯೆನ್, ಅದರ ಮುಂದೆ ಯಾವುದಾದರೂ ಒಂದು ಅಕ್ಷರ" ಎಂದು ಓದಿಕೊಂಡು, ಕೇಳಿದ್ದನ್ನೇ ಹುಡುಕಿಕೊಟ್ಟಿದೆ. ಅಲ್ಲಿ ಆಪ್ಷನ್ ಕೀಲಿಯೊಡನೆ ಯೆನ್ ಕೀಲಿಯನ್ನು ಒತ್ತಿದರೆ ಬ್ಯಾಕ್‌ಸ್ಲ್ಯಾಶ್ ಬರುತ್ತದೆ. ಯಾವುದು ಮೂಡಬೇಕೆಂದು ಜಪಾನಿ ಇನ್‌ಪುಟ್‌ನ ಸೆಟ್ಟಿಂಗ್‌ನಲ್ಲೂ ಆರಿಸಿಕೊಳ್ಳಬಹುದು.

ಮರುಪ್ರಶ್ನೆ: ಧನ್ಯವಾದಗಳು ಸರ್. ಸಹಾಯ ಪುಟದಿಂದಲೇ ನಕಲು ಮಾಡಿ ಅಂಟಿಸಬಹುದೇ? ಎರಡು ಯೆನ್‌ಗಳನ್ನು ಗುರುತಿಸುವ ಬಗೆ ಹೇಗೆ?

ಉತ್ತರ: ತೆರೆದಿರುವ ಪುಟದಿಂದ ನಕಲು ಮಾಡಿದರೆ 92ನೆಯ ಸಂಕೇತವೇ ಬರುತ್ತದೆ. ಮುದ್ರಿಸಿದ ಹಾಳೆಯನ್ನು ನೋಡಿ ಟೈಪ್ ಮಾಡಿದಾಗಲೇ ಮೋಸಹೋಗುವುದು. ಅನುಮಾನವಿದ್ದರೆ ಆ ಚಿಹ್ನೆಯನ್ನು ಖಾಲಿ ಕಡತಕ್ಕೆ ಅಂಟಿಸಿ, ಏರಿಯಲ್‌ನಂತಹ ಜಪಾನಿಯಲ್ಲದ ಫಾಂಟ್‌ಗೆ ಬದಲಿಸಿ ನೋಡಿ. ಬ್ಯಾಕ್‌ಸ್ಲ್ಯಾಶ್ ಆಗಿ ಮಾರ್ಪಟ್ಟರೆ 92, ಯೆನ್ ಆಗಿಯೇ ಉಳಿದರೆ 165. ನಿಮ್ಮದು ದರಪಟ್ಟಿಯಾದ್ದರಿಂದ, ಇದನ್ನು ಖಚಿತಪಡಿಸಿಕೊಳ್ಳದೆ "ಎಲ್ಲವನ್ನೂ ಬದಲಿಸು" ಗುಂಡಿಯನ್ನು ಒತ್ತಬೇಡಿ. ನೀವು ಟೈಪ್ ಮಾಡಿದ್ದು 165 ಆಗಿದ್ದರೆ ಪ್ರತಿ ಬೆಲೆಯ ಯೆನ್ ಚಿಹ್ನೆಯೂ ಮೊದಲ ಅಂಕಿಯೂ ಒಟ್ಟಿಗೆ ಅಳಿಸಿಹೋಗುತ್ತವೆ.